ನಾನೂ ಲೆಕ್ಕ ಹಾಕಿದೆ

ಹಾಸನದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. 2025ರ ಜೂನ್ ಕೊನೆಯಲ್ಲಿ, ನಮ್ಮ ಜಿಲ್ಲೆಯಲ್ಲಿ ಜನ ಸಾಲುಸಾಲಾಗಿ ಹೃದಯಾಘಾತದಿಂದ ಸಾಯುತ್ತಿದ್ದಾರೆ ಅಂತ ಸುದ್ದಿ ಹಬ್ಬಿದ್ದಾಗ, ಬೆಳಗ್ಗೆ ಷಟರ್ ಎತ್ತುವ ಮೊದಲೇ ಜನ ಕಾಯುತ್ತಿದ್ದರು. 'ಅಣ್ಣಾ, ರಕ್ತ ತೆಳ್ಳಗಾಗೋ ಮಾತ್ರೆ ಕೊಡಿ.' ಡಾಕ್ಟರ್ ಚೀಟಿ ಎಲ್ಲಿ ಅಂದರೆ ಮೊಬೈಲ್ ತೋರಿಸುತ್ತಿದ್ದರು. 'ಹೃದಯಾಘಾತಕ್ಕೆ ಮತ್ತೊಂದು ಬಲಿ' ಅಂತ ಕೆಂಪು ಪಟ್ಟಿ, ಪಕ್ಕದಲ್ಲಿ ಇದುವರೆಗಿನ ಸಂಖ್ಯೆ. ಜುಲೈ ಶುರುವಿನಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಉದ್ದ ಸಾಲು ಬೇರೆ.

ಚೀಟಿ ಇಲ್ಲದೆ ಮಾತ್ರೆ ಕೊಡಲಿಲ್ಲ. ಆದರೆ ಅವರಿಗೆ ಏನು ಹೇಳಿ ಕಳಿಸಬೇಕು ಅಂತ ನನಗೂ ಗೊತ್ತಿರಲಿಲ್ಲ. ಉದ್ರಿ ಬರೆಯುವ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದೆ. ಸುದ್ದಿಯಲ್ಲಿ ಬಂದ ಒಂದು ಸಾವಿಗೆ ಒಂದು ಸಾಲು. ವಯಸ್ಸು, ಊರು, ಸತ್ತ ಜಾಗ, ಮೊದಲೇ ಕಾಯಿಲೆ ಇತ್ತಾ, ಕೊನೆಗೆ 'ಹೃದಯಾಘಾತ' ಅಂತ ಹೇಳಿದ್ದು ಯಾರು.

ಕೊನೆಯ ಕಾಲಂ ಮುಕ್ಕಾಲು ಪಾಲು ಖಾಲಿ ಉಳಿಯಿತು. 'ಹೃದಯಾಘಾತದಿಂದ ಮೃತಪಟ್ಟಿದ್ದಾರೆ ಎನ್ನಲಾಗಿದೆ.' ಅಂದವರು ಯಾರು? ಡಾಕ್ಟರಾ, ಮನೆಯವರಾ, ಪಕ್ಕದ ಬೀದಿಯವರಾ? ಒಂದು ಸುದ್ದಿಯಲ್ಲಿ ಮನುಷ್ಯ ಮಲಗಿದಲ್ಲೇ ಹೋಗಿದ್ದಾನೆ, ಆಸ್ಪತ್ರೆಗೆ ಒಯ್ದಿಲ್ಲ, ಪೋಸ್ಟ್‌ಮಾರ್ಟಂ ಆಗಿಲ್ಲ. ಕಾರಣ ಮಾತ್ರ ದಪ್ಪ ಅಕ್ಷರದಲ್ಲಿತ್ತು. ದಿಢೀರ್ ಅಂತ ಯಾರು ಹೋದರೂ ನಮ್ಮ ಕಡೆ ಹಾರ್ಟ್ ಅಟ್ಯಾಕ್ ಅಂತಲೇ ಅನ್ನೋದು, ಅದರಲ್ಲಿ ಮನೆಯವರ ತಪ್ಪಿಲ್ಲ. ಬರೆದವರು 'ಮನೆಯವರು ಹೇಳಿದರು' ಅಂತ ಸೇರಿಸಬಹುದಿತ್ತು, ಅಲ್ವಾ?

ಸತ್ತ ಜಾಗದ ಕಾಲಂ ಇನ್ನೊಂದು ಕತೆ. ಹಾಸನದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ದುಡಿಯುತ್ತಾ ಅಲ್ಲೇ ತೀರಿಕೊಂಡವರೂ ನಮ್ಮ ಜಿಲ್ಲೆಯ ಲೆಕ್ಕಕ್ಕೇ ಬಂದಿದ್ದರು.

ಆಮೇಲೆ ಸುಮ್ನೆ ಒಂದು ಗುಣಾಕಾರ ಮಾಡಿದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಸಾವಿರ ಜನಕ್ಕೆ ವರ್ಷಕ್ಕೆ 6 ಸಾವು ಅಂತ ಹಿಡಿದರೂ ತಿಂಗಳಿಗೆ 880ರ ಮೇಲಾಗುತ್ತೆ. ನಮ್ಮ ದೇಶದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಸಾವು ಹೃದಯ, ರಕ್ತನಾಳದ ಕಾಯಿಲೆಯದು. ಅಂದರೆ ಯಾವ ಸುದ್ದಿಯೂ ಆಗದ ತಿಂಗಳಲ್ಲೂ ಇನ್ನೂರಿಪ್ಪತ್ತರ ಹತ್ತಿರ. ನಾನು ನೋಡಿದ ಸುದ್ದಿಗಳಲ್ಲಿ ಕೆಂಪು ಪಟ್ಟಿಯ ಇಪ್ಪತ್ತು ಚಿಲ್ಲರೆ ಸಾವುಗಳನ್ನು ಹಿಂದಿನ ವರ್ಷದ ಯಾವ ಸಂಖ್ಯೆಯ ಪಕ್ಕದಲ್ಲೂ ಯಾರೂ ಇಟ್ಟಿರಲಿಲ್ಲ. ಹಾಗಂತ ಎಲ್ಲ ಸುಳ್ಳು ಅನ್ನೋಕೂ ಆಗಲಿಲ್ಲ. ನನ್ನ ವಯಸ್ಸಿನ ಕಾಲಂನಲ್ಲಿ ಇಪ್ಪತ್ತು, ಮೂವತ್ತರ ಆಸುಪಾಸಿನವರಿದ್ದರು. ಆ ವಯಸ್ಸಿನವರ ಲೆಕ್ಕಕ್ಕೆ ನನ್ನ ಗುಣಾಕಾರ ಸಾಲದು.

ನಾನೂ ಎಡವಿದೆ. ಒಂದೇ ತಾಲ್ಲೂಕು, ಒಂದೇ ಹೆಸರು, ಹೆಚ್ಚುಕಡಿಮೆ ಒಂದೇ ವಯಸ್ಸು. ಒಂದೇ ಸಾವನ್ನು ಎರಡು ಸಲ ಎಣಿಸಿದ್ದಾರೆ ಅಂತ ಒಂದು ಸಾಲು ಹೊಡೆದುಹಾಕಿ, ಬಂದವರಿಗೆಲ್ಲ ಜಂಬದಿಂದ ತೋರಿಸಿದೆ. ಆ ಕಡೆಯ ಗಿರಾಕಿಯೊಬ್ಬರು ನೋಡಿ, 'ಇಬ್ಬರೂ ಬೇರೆ ಬೇರೆ ಸಾರ್. ಎರಡೂ ಮಣ್ಣಿಗೆ ನಾನೇ ಹೋಗಿದ್ದೆ' ಅಂದರು. ಹೊಡೆದದ್ದನ್ನು ಮತ್ತೆ ಬರೆದೆ. ಯಾರನ್ನೂ ಕೇಳದೆ ತೀರ್ಮಾನ ಮಾಡಿದ್ದು ಈ ಸಲ ನಾನೇ.

ಜುಲೈನಲ್ಲಿ ಜಯದೇವ ಸಂಸ್ಥೆ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಅವರು ನೋಡಿದ 24 ಸಾವುಗಳಲ್ಲಿ 4ಕ್ಕೆ ಹೃದಯ ಕಾರಣವೇ ಅಲ್ಲ. ಉಳಿದವುಗಳಲ್ಲೂ ಕೆಲವು ಖಚಿತ, ಕೆಲವು 'ಇರಬಹುದು'. ಆ 'ಇರಬಹುದು' ಓದಿ ನನಗೆ ವರದಿಯ ಮೇಲೆ ನಂಬಿಕೆ ಜಾಸ್ತಿಯಾಯಿತು. ಆಸ್ಪತ್ರೆಯ ಹೊರಗೆ 45ರೊಳಗಿನವರು ದಿಢೀರ್ ಸತ್ತರೆ ಪೋಸ್ಟ್‌ಮಾರ್ಟಂ ಮಾಡಬೇಕು ಅಂತ ಸರ್ಕಾರವೂ ಹೇಳಿತು. ನನ್ನ ಖಾಲಿ ಕಾಲಂ ತುಂಬೋದು ಅದರಿಂದಲೇ. ನನ್ನ ಗಿರಾಕಿಗಳ ಮೊಬೈಲಿನಲ್ಲಿ ಮಾತ್ರ ಆ ವರದಿ ಒಂದು ಸಲವೂ ಕಾಣಲಿಲ್ಲ.

ಈಗಲೂ ಯಾರಾದರೂ ಮೊಬೈಲ್ ಚಾಚಿದರೆ ಮೊದಲು ಬಿಪಿ ನೋಡುತ್ತೇನೆ. ಪಟ್ಟಿ ಬಿಗಿಯುತ್ತಾ, 'ಇದನ್ನ ಹೇಳಿದ್ದು ಯಾರಂತೆ?' ಅಂತ ಕೇಳುತ್ತೇನೆ. ಮೊನ್ನೆ ಒಬ್ಬ ಅಜ್ಜಿ ತಡಮಾಡದೆ ಹೇಳಿದರು: 'ಇನ್ಯಾರು, ನನ್ನ ಮೊಮ್ಮಗ.'