ಅಪ್ಪಯ್ಯನ ಚಿಕಿತ್ಸೆ ಮತ್ತು ರೈಲ್ವೆ ರಿಯಾಯಿತಿ: ನನ್ನ ಅನುಭವ

ಅಪ್ಪಯ್ಯನ ಬಾಯಿಯ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಕೀಮೋ ಆರಂಭವಾದಾಗ, ರೈಲ್ವೆಯ ರಿಯಾಯಿತಿ ಪಡೆದೇ ಕರೆದುಕೊಂಡು ಹೋಗುತ್ತೇನೆ ಎಂದೆ. ಮನೆಯವರಿಂದ ಹಿಡಿದು ಅಡಿಕೆ ಮಂಡಿಯಲ್ಲಿ ಸಿಕ್ಕವರವರೆಗೆ ಎಲ್ಲರೂ ಅಂದದ್ದು ಒಂದೇ: ಅದೆಲ್ಲ ಕೊರೊನಾ ಕಾಲದಲ್ಲೇ ರದ್ದಾಗಿದೆ. 2020ರ ಮಾರ್ಚಿನಲ್ಲಿ ನಿಂತದ್ದು ಹಿರಿಯ ನಾಗರಿಕರ ರಿಯಾಯಿತಿ. ಕ್ಯಾನ್ಸರ್ ರೋಗಿಗಳದು ನಿಲ್ಲಲಿಲ್ಲ. ಸ್ಲೀಪರ್‌ನಲ್ಲಿ ರೋಗಿಗೆ ಮೂಲ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ಕಡಿತ.

ಚಿಕಿತ್ಸೆಯ ಖರ್ಚನ್ನು ಆಯುಷ್ಮಾನ್ ಕಾರ್ಡ್ ನೋಡಿಕೊಂಡಿತು. ಹೋಗಿಬರುವ ಖರ್ಚು ಮಾತ್ರ ನಮ್ಮದೇ. ಮೊದಲೆರಡು ಸಲ ಬಾಡಿಗೆ ಕಾರಿಗೆ ಸಲಕ್ಕೆ ಹನ್ನೆರಡು ಸಾವಿರದ ಹತ್ತಿರ ಕೊಟ್ಟೆ. ಅಡಿಕೆ ಮಾರಿದ ಹಣ ಹೀಗೆ ಕರಗುವುದನ್ನು ನೋಡಿ, ಮೂರನೆಯ ಸಲ ತಂಗಿಯನ್ನು ಜೊತೆಮಾಡಿ ಕೆಂಪು ಬಸ್ಸಿನಲ್ಲಿ ಕಳುಹಿಸಿದೆ. ಶಕ್ತಿ ಯೋಜನೆಯಿಂದ ಅವಳಿಗೆ ಪ್ರಯಾಣ ಉಚಿತ, ಅಪ್ಪಯ್ಯನಿಗೆ ಪೂರ್ತಿ ದರ. ಲೆಕ್ಕದಲ್ಲಿ ಅದು ಅಗ್ಗವೇ ಆಗಿದ್ದರೂ, ಕೀಮೋ ಮುಗಿಸಿ ರಾತ್ರಿಯಿಡೀ ಕುಳಿತೇ ಬಂದ ಅವರು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಮಲಗಿಕೊಂಡು ಬರುವ ಬರ್ತ್ ಬೇಕೇ ಬೇಕು ಎಂದು ಅಂದೇ ತೀರ್ಮಾನಿಸಿದೆ.

ಕೌಂಟರಿನಿಂದ ನಾನು ಮೂರು ಬಾರಿ ಬರಿಗೈಯಲ್ಲಿ ಮರಳಿದ್ದೇನೆ. ಮೊದಲ ಬಾರಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನೇ ಒಯ್ದಿದ್ದೆ, ರೈಲ್ವೆಯ ನಿಗದಿತ ನಮೂನೆಯಲ್ಲೇ ವೈದ್ಯರ ಪತ್ರ ಬೇಕಿತ್ತು. ಎರಡನೆಯ ಬಾರಿ ನಮೂನೆ ಸರಿಯಿತ್ತು, ಆದರೆ ನಿಲ್ದಾಣದ ಜಾಗದಲ್ಲಿ ‘ಸಾಗರ’ ಎಂದಷ್ಟೇ ಬರೆಸಿದ್ದೆ. ರೈಲ್ವೆಯ ದಾಖಲೆಯಲ್ಲಿ ನಮ್ಮ ನಿಲ್ದಾಣದ ಹೆಸರು ಸಾಗರ ಜಂಬಗಾರು. ಮೂರನೆಯ ಬಾರಿ ಎಲ್ಲವೂ ಸರಿಯಿದ್ದು ಬರ್ತ್ ಮಾತ್ರ ಉಳಿದಿರಲಿಲ್ಲ, ತತ್ಕಾಲ್‌ಗೆ ರಿಯಾಯಿತಿಯೇ ಇಲ್ಲ. ಆಮೇಲೆ ಮುಂದಿನ ಸರದಿಯ ದಿನಾಂಕ ಗೊತ್ತಾದ ದಿನವೇ ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಮೂರನ್ನೂ ಪಡೆದು ಊರಿಗೆ ಮರಳುವುದನ್ನು ರೂಢಿಸಿಕೊಂಡೆ. ಅಷ್ಟು ಜನಸಂದಣಿಯಲ್ಲಿ ಆ ಸಹಿ ಯಾವ ಹೊತ್ತಿನಲ್ಲಿ, ಯಾವ ಮೇಜಿನಲ್ಲಿ ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯಲಾರೆ. ಅದು ಒಬ್ಬರು ಸಿಸ್ಟರ್ ನನಗೆ ಮಾಡಿದ ಉಪಕಾರ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ರಕ್ತಕಣ ಕಡಿಮೆಯಿದೆ ಎಂದು ಒಮ್ಮೆ ಕೀಮೋ ಕೊಡದೆ ವಾಪಸು ಕಳುಹಿಸಿದ್ದರಿಂದ, ಹೊರಡುವ ಎರಡು ದಿನ ಮೊದಲು ಸಾಗರದಲ್ಲೇ ರಕ್ತ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಆಸ್ಪತ್ರೆಗೆ ಫೋನಿನಲ್ಲಿ ತಿಳಿಸತೊಡಗಿದೆ. ಮುನ್ನೂರು ರೂಪಾಯಿಯ ಆ ಪರೀಕ್ಷೆ ಒಂದು ವ್ಯರ್ಥ ಪ್ರಯಾಣವನ್ನು ಉಳಿಸಿತು.

ತಾಳಗುಪ್ಪದಿಂದ ಹೊರಡುವ ಮೈಸೂರಿನ ರಾತ್ರಿ ರೈಲು ಬೆಳಗಾಗುವ ಮೊದಲೇ ಬೆಂಗಳೂರು ಮುಟ್ಟಿಸುತ್ತದೆ. ಆಗ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಇನ್ನೂ ತೆರೆದಿರಲಿಲ್ಲ. ತುಮರಿ ಕಡೆಯ ನಮಗೆ ಸಂಜೆಯ ಲಾಂಚ್ ತಪ್ಪಿದರೆ ರೈಲೂ ತಪ್ಪಿದಂತೆಯೇ, ಆದ್ದರಿಂದ ಮಧ್ಯಾಹ್ನವೇ ಹೊರಟು ಸಾಗರದ ನೆಂಟರ ಮನೆಯಲ್ಲಿ ಅಪ್ಪಯ್ಯನನ್ನು ಮಲಗಿಸುತ್ತಿದ್ದೆ. ಕಾಯ್ದಿರಿಸುವ ಶುಲ್ಕವೂ ಸೇರಿ ಇಬ್ಬರೂ ಹೋಗಿಬರಲು ಇನ್ನೂರು, ಇನ್ನೂರೈವತ್ತು ರೂಪಾಯಿ ಆಗುತ್ತಿತ್ತು. ಬೆಂಗಳೂರಿನ ಆಟೋ ಬಾಡಿಗೆಯೇ ಅದಕ್ಕಿಂತ ಹೆಚ್ಚು. ಹೀಗೆ ಏಳು ಸಲ ಹೋಗಿಬಂದೆವು.

ರದ್ದಾಗಿದೆ ಎಂದು ಖಚಿತವಾಗಿ ಹೇಳಿದ್ದವರಲ್ಲಿ ಒಬ್ಬರು ಹೋದ ತಿಂಗಳು ತಮ್ಮ ಅಕ್ಕನ ಕಾಗದಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. ನಮೂನೆಯನ್ನು ನಾನೇ ತುಂಬಿಕೊಟ್ಟೆ. ಮೊದಲ ಸಲವೇ ಟಿಕೆಟ್ ಸಿಕ್ಕಿತು.