ಸಿಲ್ವರ್ ಓಕ್ ಪ್ಲೈವುಡ್ಡಿನ ಅಂಟನ್ನು ಎಕ್ಸ್‌ರೇಯಲ್ಲಿ ಹಿಡಿದದ್ದು

ಪ್ಲೈವುಡ್ ತುಂಡನ್ನು ಸುಮ್ನೆ ತಗೊಂಡು ಹೋಗಿ ಎಕ್ಸ್‌ರೇ ಯಂತ್ರದಲ್ಲಿಟ್ಟರೆ ಅಂಟು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕೆಲಸದ ಬಗ್ಗೆ ವಿಚಾರಿಸುವವರೆಲ್ಲ ಕೇಳುವುದು ಯಂತ್ರದ ವಿಷಯವನ್ನೇ. ಎಷ್ಟು ಕಿಲೋವೋಲ್ಟ್, ಯಾವ ಕಂಪನಿ, ಗಂಟೆಗೆ ಬಾಡಿಗೆ ಎಷ್ಟು ಅಂತ. ನಿಜ ಹೇಳಬೇಕೆಂದರೆ ಯಂತ್ರದ ಬಾಗಿಲು ಹಾಕುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ.

ನಾನು ಶಿವಮೊಗ್ಗದ ಹತ್ತಿರದ ಒಂದು ಪ್ಲೈವುಡ್ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವವನು. ನಮಗೆ ಬರುವುದು ಹೆಚ್ಚಾಗಿ ತೀರ್ಥಹಳ್ಳಿ, ಕೊಪ್ಪ ಕಡೆಯ ತೋಟಗಳ ಸಿಲ್ವರ್ ಓಕ್. ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಮರಗಳು. ಬೇಸಿಗೆಯಲ್ಲಿ ಒತ್ತಿದ ಹಲಗೆ ಚೆನ್ನಾಗಿರುತ್ತಿತ್ತು. ಮಳೆಗಾಲದ್ದು ಮಾತ್ರ ಕುದಿಸುವ ಪರೀಕ್ಷೆಯಲ್ಲಿ ಸೋಲುತ್ತಿತ್ತು. ಬಿಡಬ್ಲ್ಯುಆರ್ ದರ್ಜೆಗೆ, ಅಂದರೆ ಕುದಿನೀರು ತಾಳುವ ದರ್ಜೆಗೆ, 8 ಗಂಟೆ ಕುದಿಸಿ, 65 ಡಿಗ್ರಿಯಲ್ಲಿ 16 ಗಂಟೆ ಒಣಗಿಸಿ, ಹೀಗೆ ಮೂರು ಸುತ್ತು ಮಾಡಿ ಆಮೇಲೆ ಚಾಕು ಹಾಕಿ ಎಬ್ಬಿಸಬೇಕು. ಮರದ ನಾರು ಹರಿದು ಬಂದರೆ ಪಾಸು. ನಮ್ಮದು ಅಂಟಿನ ಗೆರೆಯಲ್ಲೇ ನುಣ್ಣಗೆ ಬಿಚ್ಚಿಕೊಳ್ಳುತ್ತಿತ್ತು.

ಅಂಟು ಕಲಸುವ ಹಿರಿಯರು ಒಬ್ಬರಿದ್ದಾರೆ. ಅವರದ್ದು ಒಂದೇ ಮಾತು: "ಮರ ಅಂಟು ಕುಡೀತದೆ ಮಾರಾಯ್ರೆ, ಮೈದಾ ಸ್ವಲ್ಪ ಜಾಸ್ತಿ ಹಾಕುವ." ಮೈದಾ ಹಾಕಿದರೆ ಅಂಟು ಮಂದವಾಗುತ್ತದೆ. ಕುಡಿಯುತ್ತದೆ ಸರಿ, ಎಲ್ಲಿಗೆ ಹೋಗುತ್ತದೆ? ಎಷ್ಟು ಆಳಕ್ಕೆ? ಅದನ್ನು ಕಣ್ಣಾರೆ ನೋಡಬೇಕಿತ್ತು.

ಮರದಲ್ಲಿರುವುದು ಕಾರ್ಬನ್, ಹೈಡ್ರೋಜನ್, ಆಕ್ಸಿಜನ್. ನಾವು ಬಳಸುವ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟಿನಲ್ಲೂ ಮುಖ್ಯವಾಗಿ ಅವೇ. ಅದರಲ್ಲಿರುವ ಚೂರು ಸೋಡಿಯಂ ಲೆಕ್ಕಕ್ಕೆ ಸಾಲದು. ಮರದ ಕೋಶದ ಗೋಡೆ ಘನ ಸೆಂಟಿಮೀಟರಿಗೆ ಸುಮಾರು 1.5 ಗ್ರಾಂ ತೂಗಿದರೆ ಗಟ್ಟಿಯಾದ ಅಂಟು 1.3ರ ಆಸುಪಾಸು. ಎಕ್ಸ್‌ರೇ ಕಣ್ಣಿಗೆ ಎರಡೂ ಒಂದೇ ಬೂದು ಬಣ್ಣ. ಹಾಗಾಗಿ ಅಂಟಿಗೆ ಭಾರವಾದ ಮೂಲವಸ್ತುವಿನ ಗುರುತು ಹಾಕಬೇಕು. ಕಾರ್ಬನ್ನಿನ ಪರಮಾಣು ಸಂಖ್ಯೆ 6, ಅಯೊಡಿನ್ನಿನದು 53. ಈ ಸಂಖ್ಯೆ ಏರಿದಂತೆ ಎಕ್ಸ್‌ರೇಯನ್ನು ತಡೆಯುವ ಶಕ್ತಿ ಅದಕ್ಕಿಂತ ಬಹಳ ವೇಗವಾಗಿ ಏರುತ್ತದೆ. ಅದಕ್ಕೇ ಸ್ವಲ್ಪ ಅಯೊಡಿನ್ ಇದ್ದರೂ ಸಾಕು, ಅಂಟು ಬೆಳ್ಳಗೆ ಎದ್ದು ಕಾಣುತ್ತದೆ.

ಇಲ್ಲಿ ಎರಡು ದಾರಿ. ಅಗ್ಗದ ದಾರಿಯೆಂದರೆ ಪೊಟ್ಯಾಸಿಯಂ ಅಯೊಡೈಡ್ ಉಪ್ಪನ್ನು ಅಂಟಿಗೆ ಕಲಸುವುದು. ಇನ್ನೊಂದು, ಅಂಟು ಬೇಯಿಸುವಾಗಲೇ ಅಯೊಡಿನ್ ಕೂಡಿದ ಫಿನಾಲನ್ನು ಸೇರಿಸಿ ಅಂಟಿನ ಅಣುವಿಗೇ ಕಟ್ಟಿಹಾಕುವುದು. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ಎರಡನೇ ದಾರಿಯಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ವ್ಯತ್ಯಾಸ ನೋಡಬೇಕೆಂದೇ ನಾನು ಎರಡನ್ನೂ ಅಕ್ಕಪಕ್ಕ ಒತ್ತಿದೆ. ಉಪ್ಪು ನೀರಿನ ಜೊತೆ ಹೋಗುತ್ತದೆ. ನೆನೆಹಾಕಿದ ಹೊಸ ಸೀರೆಯ ಬಣ್ಣ ಪಕ್ಕದ ಬಿಳಿ ಪಂಚೆಗೆ ಹತ್ತಿದ ಹಾಗೆ, ಅಂಟು ಕಾಲಿಡದ ಕೋಶದ ಗೋಡೆಗಳೂ ಬೆಳ್ಳಗಾಗಿದ್ದವು. ಆ ಚಿತ್ರ ನಂಬಿದ್ದರೆ ಅಂಟು ಇರುವುದಕ್ಕಿಂತ ಎಷ್ಟೋ ಆಳಕ್ಕೆ ಇಳಿದಿದೆ ಅಂತ ಬರೆದುಕೊಳ್ಳಬೇಕಿತ್ತು. ಕಟ್ಟಿಹಾಕಿದ ಅಯೊಡಿನ್ ಅಂಟಿನ ಜೊತೆಯೇ ನಿಂತಿತ್ತು. ಅದನ್ನೂ ಸುಮ್ನೆ ನಂಬಲಿಲ್ಲ. ಅದೇ ಹಲಗೆಯ ತೆಳು ಚೂರುಗಳಿಗೆ ಟೊಲುಯಿಡಿನ್ ನೀಲಿ ಎಂಬ ಬಣ್ಣ ಹಚ್ಚಿ, ಬೆಳಕು ಬಿದ್ದಾಗ ವಸ್ತು ತಾನೇ ಹೊಳೆಯುವುದನ್ನು ತೋರಿಸುವ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೀಲಿ ಹಚ್ಚಿದರೆ ಮರದ ಸ್ವಂತ ಹೊಳಪು ಅಡಗುತ್ತದೆ, ಅಂಟು ಹೊಳೆಯುತ್ತದೆ. ಎರಡರಲ್ಲೂ ಅಂಟು ಒಂದೇ ಕಡೆ ಕಂಡ ಮೇಲೇ ಮುಂದಿನ ಹೆಜ್ಜೆ.

ತುಂಡು ಕತ್ತರಿಸುವುದು ಬೇಸರದ ಕೆಲಸ, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸನಿಹದ ಸ್ಪಷ್ಟತೆ ಬೇಕೆಂದರೆ ತುಂಡು ಒಂದೆರಡು ಮಿಲಿಮೀಟರಿಗಿಂತ ದಪ್ಪ ಇರಬಾರದು. ಕಿರಣ ಹಿಡಿಯುವ ಡಿಟೆಕ್ಟರಿನಲ್ಲಿ ಅಡ್ಡಕ್ಕೆ ಎರಡು ಸಾವಿರ ಚುಕ್ಕಿ ಇದ್ದರೆ ಅಷ್ಟರಲ್ಲೇ ಇಡೀ ತುಂಡು ಕೂರಬೇಕು, ಅಲ್ವಾ? ಗರಗಸದಲ್ಲಿ ಕೊಯ್ದರೆ ಪುಡಿ ರಂಧ್ರಗಳಿಗೆ ತುಂಬಿ ಅಂಟಿನಂತೆಯೇ ಕಾಣುತ್ತದೆ. ಕೊನೆಯ ಪದರವನ್ನು ಹೊಸ ಬ್ಲೇಡಿನಲ್ಲೇ ಹೆರೆಯಬೇಕು.

ಮತ್ತೆ ನಮ್ಮ ಮಳೆ. ಜುಲೈನಲ್ಲಿ ಶಿವಮೊಗ್ಗದಿಂದ ಹೊರಟ ತುಂಡು ಸ್ಕ್ಯಾನ್ ಮಾಡುವ ಬೆಂಗಳೂರಿನ ಎಸಿ ಕೋಣೆ ಸೇರಿದರೆ ಒಣಗತೊಡಗುತ್ತದೆ. ಒಣಗಿದರೆ ಕುಗ್ಗುತ್ತದೆ. ಈ ಯಂತ್ರ ತುಂಡನ್ನು ತಿರುಗಿಸುತ್ತಾ ನೂರಾರು ಚಿತ್ರ ತೆಗೆದು, ಅವನ್ನು ಕೂಡಿಸಿ ಒಳಗಿನದನ್ನು ಪದರ ಪದರವಾಗಿ ತೋರಿಸುತ್ತದೆ. ಆ ಚಿತ್ರ ತೆಗೆಯುವಷ್ಟರಲ್ಲಿ ಕೆಲವು ಮೈಕ್ರಾನ್ ಕುಗ್ಗಿದರೂ ಎಲ್ಲ ಅಂಚೂ ಜೋಡಿಯಾಗಿ, ಮಸುಕಾಗಿ ಬರುತ್ತವೆ. ಅದಕ್ಕೆ ಹಿಂದಿನ ದಿನವೇ ತುಂಡನ್ನು ಆ ಕೋಣೆಯಲ್ಲಿಟ್ಟು, ಸ್ಕ್ಯಾನಿಗೆ ಮುಂಚೆ ತೇವ ಆರದಂತೆ ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಾಳೆ ಸುತ್ತುತ್ತಿದ್ದೆ. ವೋಲ್ಟೇಜ್ ಕಡಿಮೆಯೇ ಇಡಬೇಕು. ಲೋಹ ನೋಡುವವರು ಬಳಸುವಷ್ಟು ಕೊಟ್ಟರೆ ಕಿರಣ ಮರವನ್ನು ದಾಟಿಕೊಂಡು ಹೋಗುತ್ತದೆ, ಏನೂ ಉಳಿಯುವುದಿಲ್ಲ.

ಕಂಡದ್ದೇನು? ಮೊದಲು ಗಮನ ಸೆಳೆದದ್ದು ಪೀಲಿಂಗ್ ಬಿರುಕು. ದಿಮ್ಮಿಯನ್ನು ತಿರುಗಿಸಿ ವಿನಿಯರ್, ಅಂದರೆ ಪ್ಲೈವುಡ್ಡಿನ ತೆಳು ಮರದ ಹಾಳೆ, ಸುಲಿಯುವಾಗ ಅದರ ಒಂದು ಮಗ್ಗುಲು ಬಿಗಿ, ಇನ್ನೊಂದು ಸಡಿಲ. ಸಡಿಲ ಮಗ್ಗುಲಲ್ಲಿ ಓರೆಯಾದ ಸಣ್ಣ ಬಿರುಕುಗಳು ಸಾಲಾಗಿ ಇರುತ್ತವೆ. ನಮ್ಮ ಮಳೆಗಾಲದ ಹಲಗೆಯಲ್ಲಿ ಆ ಬಿರುಕುಗಳೆಲ್ಲ ತುದಿಯವರೆಗೂ ಬೆಳ್ಳಗೆ ತುಂಬಿದ್ದವು. ನಡುವಿನ ಅಂಟುಗೆರೆ ಮಾತ್ರ ಅಲ್ಲಲ್ಲಿ ಖಾಲಿ.

ಎರಡನೆಯದು ನಾಳಗಳು, ಮರದಲ್ಲಿ ನೀರು ಹರಿಯುವ ಕೊಳವೆಗಳು. ಸೂಕ್ಷ್ಮದರ್ಶಕದ ಚೂರಿನಲ್ಲಿ ಗೆರೆಯಿಂದ ದೂರದಲ್ಲಿ, ಸುತ್ತ ಏನೂ ಸಂಪರ್ಕವಿಲ್ಲದೆ, ಒಂದು ನಾಳದ ತುಂಬ ಅಂಟು ಕಾಣುತ್ತಿತ್ತು. ಅಲ್ಲಿಗೆ ಹೇಗೆ ಬಂತು ಅಂತ ತಲೆ ಕೆಡಿಸಿಕೊಂಡಿದ್ದೆ. ಸ್ಕ್ಯಾನಿನಲ್ಲಿ ಪದರ ಪದರ ಹಿಂದಕ್ಕೆ ಸರಿಸುತ್ತಾ ಹೋದರೆ ಆ ನಾಳ ಓರೆಯಾಗಿ ಏರಿ ಮೇಲ್ಮೈಯಲ್ಲಿ ಬಾಯಿ ತೆರೆದಿತ್ತು. ಅಂಟು ಆ ಬಾಯಿಂದ ಇಳಿದು ಬಂದದ್ದು. ಎಕ್ಸ್‌ರೇಗೆ ಕೊಟ್ಟ ದುಡ್ಡು ವಸೂಲಾದದ್ದು ಇಲ್ಲೇ ಎಂದು ನನ್ನ ಲೆಕ್ಕ.

ಮೈದಾ ಕೂಡ ಕಂಡಿತು, ತಲೆಕೆಳಗಾಗಿ. ಅದಕ್ಕೆ ಅಯೊಡಿನ್ ಇಲ್ಲವಲ್ಲ, ಬಿಳಿ ಗೆರೆಯೊಳಗೆ ಬೂದು ಚುಕ್ಕಿಗಳಾಗಿ ಕೂತಿತ್ತು. ಗಾಳಿಗುಳ್ಳೆ ಪೂರಾ ಕಪ್ಪು, ಅಂಚು ದುಂಡಗೆ. ಎರಡನ್ನೂ ಬೇರೆ ಮಾಡದೆ ಲೆಕ್ಕ ಹಾಕಿದರೆ ಅಂಕಿ ಅಡ್ಡಾದಿಡ್ಡಿ ಬರುತ್ತದೆ. ಲೆಕ್ಕ ಫಿಜಿ ಎಂಬ ಉಚಿತ ತಂತ್ರಾಂಶದಲ್ಲಿ. ಅಂಟಿನ ಒಟ್ಟು ಗಾತ್ರವನ್ನು ಅಂಟುಗೆರೆಯ ವಿಸ್ತೀರ್ಣದಿಂದ ಭಾಗಿಸಿದರೆ ಸರಾಸರಿ ಆಳ ಸಿಗುತ್ತದೆ. ಯಾವ ಬೂದಿನಿಂದ ಮೇಲೆ ಅಂಟು ಅನ್ನುವುದನ್ನು ಒಮ್ಮೆ ಗೊತ್ತುಮಾಡಿ ಎಲ್ಲ ತುಂಡಿಗೂ ಅದನ್ನೇ ಇಟ್ಟುಕೊಂಡೆ. ತುಂಡಿಗೊಂದು ಗಡಿ ಹಾಕಿದರೆ ಬೇಕಾದ ಉತ್ತರ ತರಿಸಿಕೊಳ್ಳಬಹುದು.

ಹಿರಿಯರ ಮಾತು ಅರ್ಧ ಸರಿ. ಮರ ಕುಡಿದದ್ದು ನಿಜ, ಆದರೆ ಕುಡಿಸಿದ್ದು ತೇವ. ಶೇಕಡ 6–8 ತೇವಕ್ಕೆ ಒಣಗಿಸಿದ ವಿನಿಯರ್ ಮಳೆಗಾಲದಲ್ಲಿ ಶೆಡ್ಡಿನಲ್ಲಿ ಕೂತರೆ ಮತ್ತೆ ನೀರು ಎಳೆದುಕೊಳ್ಳುತ್ತದೆ. ಆ ನೀರು ಬಿಸಿ ಪ್ರೆಸ್ಸಿನಲ್ಲಿ ಅಂಟನ್ನು ತೆಳು ಮಾಡಿ ಬಿರುಕಿಗೆ ಓಡಿಸುತ್ತದೆ. ಮೈದಾ ಏರಿಸಿದ ತುಂಡಿನಲ್ಲಿ ಗೆರೆ ದಪ್ಪ ಕಂಡಿತು, ಆದರೆ ಕುದಿಸಿದ ಮೇಲೆ ಹೆಚ್ಚೇನೂ ತಾಳಲಿಲ್ಲ. ದಪ್ಪ ಗೆರೆ ಕಂಡ ಮಾತ್ರಕ್ಕೆ ಗಟ್ಟಿ ಅಂತಲ್ಲ. ಗಟ್ಟಿಯೋ ಅಲ್ಲವೋ ಎಂಬುದನ್ನು ಇವತ್ತಿಗೂ ಚಾಕುವೇ ಹೇಳಬೇಕು.

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡ್ರೈಯರಿನಿಂದ ಬಂದ ವಿನಿಯರನ್ನು ಪ್ಲಾಸ್ಟಿಕ್ ಹೊದಿಸಿ ಇಡುತ್ತೇವೆ, ಅಂಟು ಹಚ್ಚುವ ಮುಂಚೆ ಪ್ರತಿ ಕಟ್ಟಿನ ತೇವ ನೋಡುತ್ತೇವೆ. ಮೈದಾ ಹಳೇ ಅಳತೆಯಲ್ಲೇ ಇದೆ. ಮುಂದೆ ಅಕೇಶಿಯಾ ಮೇಲೆ ಇದೇ ಕೆಲಸ ಮಾಡಬೇಕೆಂದಿದೆ. ಅದರ ಮರ ಹೆಚ್ಚು ಸಾಂದ್ರ, ನಾಳದಲ್ಲಿ ಅದರದೇ ಅಂಟಂಟು ಪದಾರ್ಥವೂ ಇರುತ್ತದೆ. ಹಾಗಾಗಿ ಅಂಟು ಹಚ್ಚದ ತುಂಡನ್ನೇ ಮೊದಲು ಸ್ಕ್ಯಾನ್ ಮಾಡಿಸುತ್ತೇನೆ.