ಕ್ರಿಕೆಟ್ ಗೊತ್ತಾ? ಹಾಗಾದರೆ ಈ ಇಂಗ್ಲಿಷ್ ನುಡಿಗಟ್ಟುಗಳು ಸಲೀಸು

ಆಫೀಸಿನ ಕಾಲ್‌ನಲ್ಲಿ ಲಂಡನ್ನಿನವರು ‘ವಿ ಆರ್ ಆನ್ ಎ ಸ್ಟಿಕಿ ವಿಕೆಟ್’ ಅಂದರೆ ಗಾಬರಿ ಬೇಡ. ಇಂಗ್ಲೆಂಡಿನವರ ಮಾತಿನಲ್ಲಿ ಕ್ರಿಕೆಟ್ ಹಾಸುಹೊಕ್ಕಾಗಿದೆ. ಆಟ ನೋಡಿ ಬೆಳೆದ ನಾವು ಇವನ್ನೆಲ್ಲ ಸುಮ್ನೆ ಬಾಯಿಪಾಠ ಮಾಡಬೇಕಿಲ್ಲ.

ಮೊದಲು ಮೈದಾನದಲ್ಲಿ ಏನಾಗುತ್ತದೆ ಅಂತ ಕಣ್ಣ ಮುಂದೆ ತಂದುಕೊಳ್ಳಿ. ಹಿಂದೆ ಅಲ್ಲಿ ಪಿಚ್‌ಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆ ನಿಂತು ಬಿಸಿಲು ಬಿದ್ದರೆ ಮಣ್ಣು ಅಂಟಂಟಾಗುತ್ತಿತ್ತು. ಒಂದು ಚೆಂಡು ಎದೆಮಟ್ಟಕ್ಕೆ ಜಿಗಿದರೆ ಇನ್ನೊಂದು ನೆಲ ಸವರಿಕೊಂಡು ಬರುತ್ತಿತ್ತು. ಎಂಥ ಬ್ಯಾಟ್ಸ್‌ಮನ್ ಆದರೂ ಪರದಾಡಬೇಕು. ಸ್ಟಿಕಿ ವಿಕೆಟ್ ಅಂದರೆ ಅಂಥ ಇಕ್ಕಟ್ಟು.

ಆಮೇಲೆ, ಆ ಆಟದಲ್ಲಿ ಮಾತಾಡುವವರು ಯಾರು ಅಂತ ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. ‘ದ ನ್ಯೂಸ್ ನಾಕ್ಡ್ ಮಿ ಫಾರ್ ಸಿಕ್ಸ್’ ಅಂತ ಗೆಳೆಯರು ಬರೆಯುತ್ತಾರೆ. ಸಿಕ್ಸರ್ ಅಂದ ಕೂಡಲೇ ನಮಗೆ ಖುಷಿ, ಅಲ್ವಾ? ಆದರೆ ಇಲ್ಲಿ ಅವರು ಬ್ಯಾಟ್ ಬೀಸಿದವರಲ್ಲ, ಏಟು ತಿಂದು ಬೌಂಡರಿ ಆಚೆ ಬಿದ್ದ ಚೆಂಡು. ಸುದ್ದಿ ಕೇಳಿ ಕಂಗಾಲಾದೆ ಅಂತ ಅರ್ಥ. ‘ಕಂಗ್ರಾಟ್ಸ್’ ಅಂತ ಉತ್ತರ ಹಾಕಿದರೆ ಕೆಟ್ಟಿತು! ‘ಬೌಲ್ಡ್ ಓವರ್’ ಇದಕ್ಕೆ ಉಲ್ಟಾ. ಔಟಾದ ಹಾಗೆ ಕೇಳಿಸಿದರೂ ಸಾಮಾನ್ಯವಾಗಿ ಮೆಚ್ಚುಗೆಯ ಮಾತು. ನಿಮ್ಮ ಮನೆಯಲ್ಲಿ ಉಂಡವರು ಹಾಗಂದರೆ ಅಡುಗೆಗೆ ಮನಸೋತರು ಅಂತಲೇ ತಿಳಿಯಿರಿ.

ಯಾರ ಬಗ್ಗೆ ಹೇಳುತ್ತಾರೆ ಅನ್ನುವುದೂ ಮುಖ್ಯ. ತೊಂಬತ್ತು ದಾಟಿ ತೀರಿಕೊಂಡ ಅಜ್ಜನ ಬಗ್ಗೆ ‘ಹಿ ಹ್ಯಾಡ್ ಎ ಗುಡ್ ಇನ್ನಿಂಗ್ಸ್’ ಅನ್ನುತ್ತಾರೆ. ತುಂಬು ಬಾಳು ಬಾಳಿದರು ಅಂತ. ಮನೆಯವರೇ ಹೇಳಿದರೆ ಚೆಂದ. ಸಾವಿನ ಮನೆಗೆ ಹೋಗಿ ನಾವೇ ಶುರು ಮಾಡುವುದು ಬೇಡ. ನಲವತ್ತಕ್ಕೇ ಹೋದವರ ಬಗ್ಗೆಯಂತೂ ಬೇಡವೇ ಬೇಡ.

‘ಆಫ್ ಹರ್ ಓನ್ ಬ್ಯಾಟ್’ ಅಂದರೆ ಯಾರೂ ಹೇಳದೆ ತಾನಾಗಿಯೇ ಮಾಡಿದಳು ಅಂತ. ‘ಇಟ್ಸ್ ನಾಟ್ ಕ್ರಿಕೆಟ್’ ಅಂದರೆ ಇದು ನ್ಯಾಯವಲ್ಲ. ಹ್ಯಾಟ್ರಿಕ್ ಅಂತೂ ನಮ್ಮದೇ ಆಗಿಹೋಗಿದೆ. ಮೊದಲ ಮೂರು ಸಿನಿಮಾ ಗೆದ್ದದ್ದಕ್ಕೆ ಶಿವರಾಜ್‌ಕುಮಾರ್ ‘ಹ್ಯಾಟ್ರಿಕ್ ಹೀರೊ’ ಆದರು. 1858ರಲ್ಲಿ ಶೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಸತತ ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತಾಗ ಜನ ಚಂದಾ ಎತ್ತಿ ಟೋಪಿ ಕೊಡಿಸಿದ್ದರು. ನಮ್ಮಲ್ಲಿ ಜನರಿಂದ ದುಡ್ಡು ಎತ್ತಿ ಟೋಪಿ ಹಾಕುವವರ ಕಥೆ ಬೇರೆ, ಬಿಡಿ.

ಎದುರಿಗಿರುವವರು ಅಮೆರಿಕದವರಾದರೆ ಮಾತ್ರ ಕ್ರಿಕೆಟ್ ಬದಿಗಿಡಿ. ಅವರದು ಬೇಸ್‌ಬಾಲ್. ‘ಬಾಲ್‌ಪಾರ್ಕ್ ಫಿಗರ್’ ಕೊಡಿ ಅಂದರೆ ಪೈಸೆ ಪೈಸೆ ಕೂಡಿಸುತ್ತಾ ಕೂರಬೇಡಿ, ಒಂದು ಅಂದಾಜು ಸಾಕು. ‘ಕರ್ವ್‌ಬಾಲ್’ ಅಂದರೆ ನೆನೆಸದೆ ಬಂದ ತೊಡಕು. ‘ಸ್ಟೆಪ್ ಅಪ್ ಟು ದ ಪ್ಲೇಟ್’ನಲ್ಲಿರುವ ಪ್ಲೇಟು ಊಟದ್ದಲ್ಲ, ಬ್ಯಾಟ್ ಹಿಡಿದವರು ನಿಲ್ಲುವ ಜಾಗದಲ್ಲಿ ನೆಲಕ್ಕೆ ಹಾಕಿರುವ ಬಿಳಿ ರಬ್ಬರ್ ತುಂಡು. ಮುಂದೆ ಬಂದು ಜವಾಬ್ದಾರಿ ಹೊತ್ತುಕೊಳ್ಳಿ ಅನ್ನುತ್ತಿದ್ದಾರೆ. ಇನ್ನು ‘ಲೆಟ್ಸ್ ಟಚ್ ಬೇಸ್ ಆನ್ ಮಂಡೇ’ ಅಂದರೆ ಸೋಮವಾರ ಒಂದು ಸಲ ಮಾತಾಡಿಕೊಳ್ಳೋಣ, ಅಷ್ಟೇ. ಅದಕ್ಕೆ ಭಾನುವಾರ ಕೂತು ಸ್ಲೈಡು ಮಾಡುವ ಅಗತ್ಯವಿಲ್ಲ.